ಅಳಿಸಿದ್ದು ಅಳಿದೇ ಇರಬೇಕು

ಮುಕ್ತ ತಂತ್ರಾಂಶದ ಗೆಳೆಯರ ಜೊತೆ ನನಗೊಂದು ಜಗಳವಿದೆ. ನಾನೂ ಅದೇ ಬಳಗದವಳು. ಡಿಗ್ರಿ ಓದುವ ಕಾಲದಿಂದ ಲಿನಕ್ಸ್ ಬಿಟ್ಟು ಬೇರೆ ಬಳಸಿಲ್ಲ. ಹಾಸ್ಟೆಲಿನಲ್ಲಿ ಪೆನ್‌ಡ್ರೈವ್ ಹಿಡಿದು ಕೋಣೆ ಕೋಣೆಗೆ ಹೋಗಿ ಬೇರೆಯವರ ಲ್ಯಾಪ್‌ಟಾಪಿಗೂ ಹಾಕಿಕೊಟ್ಟಿದ್ದೇನೆ. ಹಾಗಾಗಿ ಇದನ್ನು ಹೊರಗಿನವರ ಕೊಂಕು ಎಂದು ಪಕ್ಕಕ್ಕೆ ತಳ್ಳಬೇಡಿ. ಜಗಳದ ವಿಷಯ ಕೇಳಿದರೆ ನಗು ಬರಬಹುದು: ಕ್ಯಾಲೆಂಡರಿಗೆ ಸೇರಿದ ಒಂದಷ್ಟು ಫೈಲುಗಳು. ಅವನ್ನು ಅಳಿಸಿದರೆ ಮತ್ತೆ ಹುಟ್ಟಿಕೊಳ್ಳುತ್ತವೆ. ಫೋಲ್ಡರನ್ನೇ ಅಳಿಸಿದರೆ ಫೋಲ್ಡರ್ ಸಮೇತ ಹುಟ್ಟಿಕೊಳ್ಳುತ್ತವೆ. ಯಾರು ಕರೆದರೋ ಗೊತ್ತಿಲ್ಲ, ಯಾಕೆ ಬಂದವೋ ಗೊತ್ತಿಲ್ಲ. ನನ್ನ ಮನೆ ಎಂದು ನಾನು ನಂಬಿರುವ ಜಾಗದಲ್ಲಿ, ಲಿನಕ್ಸಿನಲ್ಲಿ ಅದರ ಹೆಸರೇ ‘ಹೋಮ್’, ನನ್ನನ್ನು ಕೇಳದೆ ಚಾಪೆ ಹಾಸಿಕೊಂಡು ಕೂತಿರುತ್ತವೆ.

ಈ ಸಣ್ಣ ಸಂಗತಿ ನನಗೆ ಯಾಕೆ ಸಣ್ಣದಲ್ಲ ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮೂರು ರಾಜಘಟ್ಟ. ದೊಡ್ಡಬಳ್ಳಾಪುರ ತಾಲ್ಲೂಕು. ಪತ್ರಿಕೆ ಓದುವವರಿಗೆ ಈ ಹೆಸರು ನೆನಪಿದ್ದರೆ ಅದು 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಇಲ್ಲಿ ನಡೆಸಿದ ಉತ್ಖನನದಿಂದ. ನಮ್ಮ ಹೊಲಗಳ ಮಗ್ಗುಲಲ್ಲಿ ಬೌದ್ಧ ಚೈತ್ಯ, ವಿಹಾರದ ಅವಶೇಷಗಳು ಸಿಕ್ಕವು. ಅಂಗೈಯಲ್ಲಿ ಹಿಡಿಯಬಹುದಾದ ಮಣ್ಣಿನ ಪುಟ್ಟ ಸ್ತೂಪಗಳು, ಅವುಗಳೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು. ಬೇಕೆಂದೇ ಉಳಿಯಲಿ ಎಂದು ಮಾಡಿಟ್ಟದ್ದು ಸಾವಿರಕ್ಕೂ ಹೆಚ್ಚು ವರ್ಷ ಉಳಿದಿದೆ. ನಾನು ಪುರಾತತ್ವದವಳಲ್ಲ. ನನ್ನ ಪಿಎಚ್‌.ಡಿ. ಇರುವುದು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಕೆಲಸಗಾರರ ಮೌಖಿಕ ಚರಿತ್ರೆಯ ಮೇಲೆ. ಬೆಳಗಿನಿಂದ ಸಂಜೆಯವರೆಗೆ ಟಕಟಕ ಎನ್ನುವ ಬೀದಿಗಳಲ್ಲಿ ಓಡಾಡಿ, ಕರೆಂಟು ಹೋದಾಗ ಮಾತ್ರ ಮಾತಾಡಲು ಸಿಗುವ ಜನರ ಮಾತನ್ನು ಬರೆದುಕೊಳ್ಳುವ ಕೆಲಸ. ನನ್ನ ಮಟ್ಟಿಗೆ ಕರೆಂಟು ಕಟ್ ಆಗುವುದು ವರದಾನ.

ಮಗ್ಗದ ಮನೆಯ ಲೆಕ್ಕಾಚಾರ ಗೊತ್ತಿಲ್ಲದವರಿಗೆ ಒಂದು ಮಾತು. ಕೆಲಸಕ್ಕೆ ಸೇರುವಾಗ ಮಾಲೀಕರಿಂದ ಮುಂಗಡ ತೆಗೆದುಕೊಳ್ಳುತ್ತಾರೆ. ಮಗಳ ಮದುವೆ, ಆಸ್ಪತ್ರೆ, ಮನೆಯ ಭೋಗ್ಯ, ಏನೋ ಒಂದು. ಆ ಮುಂಗಡ ತೀರುವವರೆಗೆ ಬೇರೆ ಮಗ್ಗಕ್ಕೆ ಹೋಗುವುದು ಕಷ್ಟ. ಹೋಗಬೇಕಾದರೆ ಹೊಸ ಮಾಲೀಕರು ಹಳೆಯ ಬಾಕಿ ಕಟ್ಟಬೇಕು. ಇಂಥ ಕಡೆ ಕೂಲಿ ಎಷ್ಟು, ಬಾಕಿ ಎಷ್ಟು, ಯಾರು ಯಾರಿಗೆ ಬೈದರು ಎಂಬುದನ್ನು ಹೊರಗಿನವಳೊಬ್ಬಳ ಹತ್ತಿರ ಹೇಳಿದರು ಎಂದು ಗೊತ್ತಾದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಕಂಡಿಕೆ ಸುತ್ತುವ ಒಬ್ಬ ಅಜ್ಜಿ ಮೂರು ಗಂಟೆ ಮಾತಾಡಿದ ಮೇಲೆ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು: “ನನ್ ಹೆಸ್ರು ಎಲ್ಲೂ ಬರ್ದಂಗೆ ನೋಡ್ಕಳವ್ವ.” ನೋಡ್ಕತೀನಿ ಅಜ್ಜಿ ಅಂದೆ. ಹೆಸರು ಇರುವುದು ಎರಡೇ ಕಡೆ, ನನ್ನ ಫೋನು ಮತ್ತು ನನ್ನ ಡೈರಿ, ಕಂಪ್ಯೂಟರಿನಲ್ಲಿ ನೀವು ಬರೀ ಒಂದು ನಂಬರು ಎಂದು ವಿವರಿಸಿದೆ. ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ಹಾಗೆಯೇ ಮಾಡಿದ್ದೇನೆ.

ಕಳೆದ ವರ್ಷ ಬರಹಕ್ಕಿಳಿಸಿದ ಸಂದರ್ಶನಗಳ ಒಂದು ಪ್ರತಿಯನ್ನು ಇದೇ ವಿಷಯದಲ್ಲಿ ಕೆಲಸ ಮಾಡುತ್ತಿರುವ ಇನ್ನೊಬ್ಬರಿಗೆ ಡಿಸ್ಕಿನಲ್ಲಿ ಕೊಡಬೇಕಿತ್ತು. ಕೊಡುವ ಮುಂಚೆ ಒಂದೊಂದೇ ಹೆಸರು ಹಾಕಿ ಇಡೀ ಹೋಮ್ ಫೋಲ್ಡರನ್ನು ಹುಡುಕುವುದು ನನ್ನ ಅಭ್ಯಾಸ. ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. (ಹಳೆಯ ನುಡಿಯಲ್ಲಿ ಯೂನಿಕೋಡ್ ಅಲ್ಲದೆ ಟೈಪಾದ ಫೈಲುಗಳಿದ್ದರೆ ಈ ಹುಡುಕಾಟಕ್ಕೆ ಏನೂ ಸಿಗುವುದಿಲ್ಲ. ಅಲ್ಲಿ ‘ಅಜ್ಜಿ’ ಎಂದು ಕಣ್ಣಿಗೆ ಕಾಣುವುದು ಯಂತ್ರದ ಪಾಲಿಗೆ ರೋಮನ್ ಅಕ್ಷರಗಳ ಒಂದು ಗೊಜ್ಜು. ಅಂಥವನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.) ನಾನು ಬರೆದ ಯಾವ ಫೈಲಿನಲ್ಲೂ ಹೆಸರುಗಳಿರಲಿಲ್ಲ. ಇದ್ದದ್ದು ನಾನು ಬರೆಯದ ಫೈಲುಗಳಲ್ಲಿ. ಹೆಸರಿನ ಮೊದಲು ಚುಕ್ಕಿ ಇರುವುದರಿಂದ ಕಣ್ಣಿಗೆ ಬೀಳದ ಅಡಗು ಫೋಲ್ಡರುಗಳ ಒಳಗೆ, ‘ಕ್ಯಾಶ್’ ಎಂಬ ಕೋಣೆಯಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾವ ಬೀದಿಯಲ್ಲಿ, ಯಾರ ಜೊತೆ ಎಂಬ ನನ್ನ ಭೇಟಿಗಳ ಪೂರ್ತಿ ಪಟ್ಟಿ ಸಿದ್ಧವಾಗಿ ಕೂತಿತ್ತು. ಅಳಿಸಿದೆ. ಮರುದಿನ ಮತ್ತೆ ಹುಡುಕಿದೆ. ಇತ್ತು.

ನನ್ನ ಯಂತ್ರದಲ್ಲಿರುವ ಲಿನಕ್ಸ್ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಹೆಚ್ಚು ಜನ ಬಳಸುವ ಎರಡೂ ದೊಡ್ಡ ಡೆಸ್ಕ್‌ಟಾಪುಗಳಲ್ಲಿ ಇದರ ಕಾರಣ ಬಹುತೇಕ ಒಂದೇ. ನನ್ನ ಹಾಗೆ ಹುಡುಕುತ್ತಾ ಕೂರುವವರಿಗೆ ಉಪಯೋಗವಾಗಲಿ ಎಂದು ಬಿಡಿಸಿ ಹೇಳುತ್ತೇನೆ.

ಗ್ನೋಮ್ ಡೆಸ್ಕ್‌ಟಾಪನ್ನು ತೆಗೆದುಕೊಳ್ಳಿ. ಪರದೆಯ ಮೇಲ್ತುದಿಯಲ್ಲಿ ಗಡಿಯಾರ ಇರುತ್ತದೆ. ಒತ್ತಿದರೆ ತಿಂಗಳ ಹಾಳೆ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಆ ದಿನದ ಕಾರ್ಯಕ್ರಮಗಳು. ಆ ಕಾರ್ಯಕ್ರಮಗಳನ್ನು ತಂದುಕೊಡುವ ಹಿನ್ನೆಲೆಯ ವ್ಯವಸ್ಥೆಗೆ ಎವಲ್ಯೂಷನ್ ಡೇಟಾ ಸರ್ವರ್ ಎಂದು ಹೆಸರು. ಎವಲ್ಯೂಷನ್ ಎಂಬ ಮೇಲ್ ತಂತ್ರಾಂಶವನ್ನು ನೀವು ಹಾಕಿಕೊಂಡಿರಬೇಕೆಂದೇನೂ ಇಲ್ಲ, ಅದರ ಹೆಸರು ಕೇಳದಿದ್ದರೂ ಈ ಸರ್ವರ್ ಇರುತ್ತದೆ. ಇದರಲ್ಲಿ ಮುಖ್ಯವಾಗಿ ಮೂವರು ಆಳುಗಳು. ಒಬ್ಬ ಯಾವ ಯಾವ ಕಡೆಯಿಂದ ಮಾಹಿತಿ ತರಬೇಕು ಎಂಬ ರಿಜಿಸ್ಟರು ಇಟ್ಟಿರುತ್ತಾನೆ. ಒಬ್ಬ ಕ್ಯಾಲೆಂಡರು ತರುತ್ತಾನೆ. ಇನ್ನೊಬ್ಬ ವಿಳಾಸ ಪುಸ್ತಕ ತರುತ್ತಾನೆ. ರಿಜಿಸ್ಟರಿನವನು ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಕಾನ್ಫಿಗ್ ಫೋಲ್ಡರಿನಲ್ಲಿ ‘ಹುಟ್ಟುಹಬ್ಬಗಳು’, ‘ಸ್ವಂತ ಕ್ಯಾಲೆಂಡರು’ ಮುಂತಾದ ಸಿದ್ಧ ಚೀಟಿಗಳು ಇವೆಯೇ ಎಂದು ನೋಡುವುದು. ಇಲ್ಲದಿದ್ದರೆ ವ್ಯವಸ್ಥೆಯ ಉಗ್ರಾಣದಿಂದ ಹೊಸ ಪ್ರತಿ ತಂದು ಇಡುತ್ತಾನೆ. ನೀವು ಬೇಡವೆಂದು ಅಳಿಸಿದಿರೋ, ಕಳೆದುಹೋಯಿತೋ ಎಂದು ವಿಚಾರಿಸುವ ಪದ್ಧತಿ ಅವನಿಗಿಲ್ಲ.

ಸರಿ, ಆಳನ್ನೇ ಮನೆಗೆ ಕಳಿಸೋಣ ಎಂದರೆ ಅವನು ಹೋಗುವುದಿಲ್ಲ. ಡಿ-ಬಸ್ ಎಂಬ ಒಳಗಿನ ಅಂಚೆ ವ್ಯವಸ್ಥೆ ಇದೆ. ಯಾರಾದರೂ ಅವನ ಹೆಸರಿಗೆ ಒಂದು ಕಾಗದ ಹಾಕಿದರೆ ಸಾಕು, ಸತ್ತವನನ್ನು ಎಬ್ಬಿಸಿ ಕೂರಿಸುತ್ತದೆ. ಗಡಿಯಾರದ ಆ ಹಾಳೆಯ ಹಿಂದಿರುವ ಸಹಾಯಕ ಅಂಥ ಕಾಗದ ಹಾಕುತ್ತಾನೆ. ಅಂದರೆ ಡೆಸ್ಕ್‌ಟಾಪ್ ಬಳಸುವುದೇ ಕಾಗದ ಹಾಕಿದಂತೆ. ಇನ್ನು ತಂತ್ರಾಂಶವನ್ನೇ ಕಿತ್ತುಹಾಕೋಣ ಎಂದು ಹೊರಟರೆ, ಡೆಬಿಯನ್ ಕುಟುಂಬದ ಲಿನಕ್ಸುಗಳಲ್ಲಿ ಗ್ನೋಮ್ ಶೆಲ್ ಇದರ ಮೇಲೆ ಅವಲಂಬಿಸಿದೆ. ಕ್ಯಾಲೆಂಡರ್ ತೆಗೆಯಲು ಹೇಳಿದರೆ ಇಡೀ ಡೆಸ್ಕ್‌ಟಾಪ್ ತೆಗೆಯಲೇ ಎಂದು ಕೇಳುತ್ತದೆ. ಇಲಿ ಬಂದಿದೆ ಅಂದರೆ ಮನೆ ಕೆಡವಲೇ ಎಂದು ಮೇಸ್ತ್ರಿ ಕೇಳಿದಂತೆ.

ಕೆಡಿಇ ಬಳಸುವವರು ನಗುವುದು ಬೇಡ. ಅಲ್ಲಿ ಅಕೊನಾಡಿ ಇದೆ. ಗಡಿಯಾರದ ಕ್ಯಾಲೆಂಡರಿನಲ್ಲಿ ಕಾರ್ಯಕ್ರಮ ತೋರಿಸುವ ಪ್ಲಗಿನ್ ಒಂದು ಟಿಕ್ ಆಗಿದ್ದರೆ ಸಾಕು, ಒಂದು ಡೇಟಾಬೇಸ್ ಸಮೇತ ಎದ್ದು ಕೂರುತ್ತದೆ.

ಇಷ್ಟಾದರೂ ಇವೆಲ್ಲ ಖಾಲಿ ಡಬ್ಬಗಳು. ಡಬ್ಬದೊಳಗೆ ಜನರ ಹೆಸರು ಬಂದದ್ದು ಬೇರೆ ಬಾಗಿಲಿನಿಂದ. ಗ್ನೋಮಿನ ಸೆಟ್ಟಿಂಗ್ಸ್‌ನಲ್ಲಿ ‘ಆನ್‌ಲೈನ್ ಖಾತೆಗಳು’ ಎಂಬ ಪುಟವಿದೆ. ಮೇಲ್ ನೋಡುವುದಕ್ಕೆಂದು ಅಲ್ಲಿ ಖಾತೆ ಸೇರಿಸುತ್ತೀರಿ. ಸೇರಿಸಿದ ಕೂಡಲೇ ಮೇಲ್ ಜೊತೆಗೆ ಕ್ಯಾಲೆಂಡರ್, ಸಂಪರ್ಕಗಳು ಇತ್ಯಾದಿ ಎಲ್ಲ ಗುಂಡಿಗಳೂ ತಾವಾಗಿಯೇ ಆನ್ ಆಗಿರುತ್ತವೆ. ಕೇಳಿದ್ದು ಅಂಚೆಯಣ್ಣನನ್ನು, ಜೊತೆಗೆ ಅವರ ಮನೆಯವರೆಲ್ಲ ಬಂದರು. ಫೋನಿನಲ್ಲಿದ್ದ ಭೇಟಿಗಳೆಲ್ಲ ಕಂಪ್ಯೂಟರಿಗೆ ಇಳಿದವು. ಸಂಪರ್ಕದ ಚೀಟಿಯಲ್ಲಿ ಹುಟ್ಟಿದ ದಿನಾಂಕ ಇದ್ದರೆ ಅದರಿಂದ ‘ಹುಟ್ಟುಹಬ್ಬಗಳು’ ಎಂಬ ಇನ್ನೊಂದು ಕ್ಯಾಲೆಂಡರು ತಾನಾಗಿಯೇ ತಯಾರಾಯಿತು. ವಯಸ್ಸಿನ ಲೆಕ್ಕ ಬೇಕಿದ್ದರಿಂದ ನಾನು ಕೆಲವರ ದಿನಾಂಕ ಬರೆದಿಟ್ಟಿದ್ದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಜೂನ್ 1, ಆಧಾರ್ ಮಾಡಿಸುವಾಗ ವರ್ಷ ಮಾತ್ರ ಗೊತ್ತಿದ್ದವರಿಗೆ ಜನವರಿ 1. ಹಾಗಾಗಿ ನನ್ನ ಕಂಪ್ಯೂಟರಿನ ಪ್ರಕಾರ ದೊಡ್ಡಬಳ್ಳಾಪುರದ ಅರ್ಧ ನೇಕಾರರು ಎರಡೇ ದಿನಗಳಲ್ಲಿ ಹುಟ್ಟಿದವರು. ಯಾರಿಗೂ ಹುಟ್ಟುಹಬ್ಬದ ಶುಭಾಶಯ ಹೇಳುವ ಉದ್ದೇಶ ನನಗಿರಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ.

ದಾರಿ ಇದೆ. ಆದರೆ ಅನುಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಮೊದಲು ಆನ್‌ಲೈನ್ ಖಾತೆಯ ಪುಟದಲ್ಲಿ ಕ್ಯಾಲೆಂಡರ್, ಸಂಪರ್ಕ ಎರಡರ ಗುಂಡಿಯನ್ನೂ ಆರಿಸಬೇಕು. ಆಮೇಲೆ ಆ ಮೂವರು ಆಳುಗಳನ್ನು ಸಿಸ್ಟಮ್‌ಡಿ ಮೂಲಕ ನಿಲ್ಲಿಸಿ ‘ಮಾಸ್ಕ್’ ಮಾಡಬೇಕು, ಅಂದರೆ ಅಂಚೆ ಬಂದರೂ ಏಳದಂತೆ ಕಟ್ಟಿಹಾಕಬೇಕು. ಕೊನೆಯಲ್ಲಿ ಕ್ಯಾಶ್ ಫೋಲ್ಡರಿನಲ್ಲೂ, ಲೋಕಲ್ ಶೇರ್ ಫೋಲ್ಡರಿನಲ್ಲೂ ಇರುವ ಎವಲ್ಯೂಷನ್ ಹೆಸರಿನ ಫೋಲ್ಡರುಗಳನ್ನು ಅಳಿಸಬೇಕು. ಎವಲ್ಯೂಷನ್ ಮೇಲ್ ಬಳಸುವವರು ಈ ದಾರಿ ಹಿಡಿಯುವಂತಿಲ್ಲ, ಮೇಲ್ ಕೂಡ ಅಲ್ಲೇ ಇರುತ್ತದೆ. ಉಳಿದವರಿಗೆ ಗಡಿಯಾರದ ಹಾಳೆಯಲ್ಲಿ ಕಾರ್ಯಕ್ರಮಗಳು ಕಾಣುವುದಿಲ್ಲ. ಫೈಲನ್ನು ಯಾರು ಬರೆಯುತ್ತಿದ್ದಾರೆಂದೇ ಗೊತ್ತಾಗದಿದ್ದರೆ ಫ್ಯಾಟ್ರೇಸ್ ಎಂಬ ಸಣ್ಣ ಸಲಕರಣೆ ಇದೆ, ಯಾವ ಪ್ರೋಗ್ರಾಮು ಯಾವ ಫೈಲು ಮುಟ್ಟಿತು ಎಂದು ಕೂತಲ್ಲೇ ತೋರಿಸುತ್ತದೆ. ನನಗೆ ಕಳ್ಳ ಸಿಕ್ಕಿದ್ದು ಅದರಿಂದ.

ನನ್ನ ತಕರಾರು ಈ ಎಂಜಿನಿಯರಿಂಗಿನ ಬಗ್ಗೆ ಅಲ್ಲ. ‘ಅಳಿಸು’ ಎಂಬ ಮಾತಿನ ಬಗ್ಗೆ. ಇದೇ ಡೆಸ್ಕ್‌ಟಾಪಿನಲ್ಲಿ ಆ ಮಾತಿಗೆ ಎಷ್ಟು ಅರ್ಥಗಳಿವೆ ನೋಡಿ. ಕ್ಯಾಲೆಂಡರಿನ ಒಳಗೆ ಹೋಗಿ ಒಂದು ಭೇಟಿಯನ್ನು ಅಳಿಸಿದರೆ ಅದು ದೂರದ ಸರ್ವರಿನಿಂದಲೂ, ಜೇಬಿನ ಫೋನಿನಿಂದಲೂ ಅಳಿದುಹೋಗುತ್ತದೆ. ಅದೇ ಭೇಟಿ ಇರುವ ಫೈಲನ್ನು ಹೊರಗಿನಿಂದ ಅಳಿಸಿದರೆ ಏನೂ ಅಳಿಯುವುದಿಲ್ಲ, ಸರ್ವರಿನಿಂದ ಮತ್ತೆ ಇಳಿದು ಬರುತ್ತದೆ. ಕ್ಯಾಲೆಂಡರಿನ ಹೆಸರಿನ ಮುಂದಿನ ಟಿಕ್ ತೆಗೆದರೆ ಕಣ್ಣಿಗೆ ಕಾಣದಂತಾಗುತ್ತದೆ, ಡಿಸ್ಕಿನಲ್ಲಿ ಹಾಗೇ ಇರುತ್ತದೆ. ಡೇಟಾಬೇಸಿನ ಒಳಗಿನ ಸಾಲು ಅಳಿಸಿದರೂ ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ, ಅಥವಾ ಡೇಟಾಬೇಸನ್ನು ಗುಡಿಸಿ ಒತ್ತಟ್ಟು ಮಾಡುವವರೆಗೆ, ಹಳೆಯ ಅಕ್ಷರಗಳು ಅಲ್ಲೇ ಬಿದ್ದಿರಬಹುದು. ಬೇಕಾದದ್ದು ಎಲ್ಲೆಡೆಯಿಂದ ಹೋಗುತ್ತದೆ, ಬೇಡವಾದದ್ದು ಎಲ್ಲೂ ಹೋಗುವುದಿಲ್ಲ. ಕನ್ನಡದಲ್ಲಿ ಅಳಿಸು ಬೇರೆ, ಒರೆಸು ಬೇರೆ, ತೆಗೆದಿಡು ಬೇರೆ, ಬಚ್ಚಿಡು ಬೇರೆ. ಬಳಪದಲ್ಲಿ ಬರೆದದ್ದನ್ನು ಒರೆಸಿದರೆ ಹೋಗುತ್ತದೆ ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಅದೇ ಮಗುವಿಗೆ ನಾವು ಈ ಯಂತ್ರ ಕೊಟ್ಟು, ಒರೆಸು ಎಂದು ಹೇಳಿಕೊಟ್ಟು, ಒರೆಸಿದ್ದು ಹೋಗದೆ ಇದ್ದಾಗ ನೀನು ಸರಿಯಾಗಿ ಒರೆಸಲಿಲ್ಲ ಎನ್ನುತ್ತೇವೆ.

ಇದನ್ನು ಗೆಳೆಯರ ಮುಂದೆ ಇಟ್ಟಾಗ ಬಂದ ಉತ್ತರಗಳು ಹಲವು. ಮೊದಲನೆಯದು, ನಾಲ್ಕು ಕೆಬಿಯ ಫೈಲಿಗೆ ಇಷ್ಟು ರಂಪವೇ. ಅಜ್ಜಿಯ ಹೆಸರು ಬರೆಯಲು ನಾಲ್ಕು ಕೆಬಿಯೂ ಬೇಡ. ಒಂದು ಬೀಡಿ ಕಟ್ಟಿನ ಕಾಗದ ಸಾಕು. ಗಾತ್ರದಿಂದ ಅಳೆಯುವುದಾದರೆ ಜಗತ್ತಿನ ಎಲ್ಲ ಚಾಡಿಗಳೂ ಚಿಕ್ಕವೇ.

ಎರಡನೆಯದು, ಟರ್ಮಿನಲ್ಲಿನಲ್ಲಿ ಎರಡು ಸಾಲು ಹಾಕಿದರೆ ಮುಗಿಯಿತಲ್ಲ. ಈ ಉತ್ತರಕ್ಕೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಎರಡು ಸಾಲು ಗೊತ್ತಾಗಲು ನನಗೆ ಮೂರು ರಾತ್ರಿ ಬೇಕಾಯಿತು, ಮತ್ತು ನಾನು ಹತ್ತು ವರ್ಷದಿಂದ ಇದರಲ್ಲೇ ಬಿದ್ದಿರುವವಳು. ಬಾಗಿಲು ಇದೆ, ಬೀಗದ ಕೈ ಎಲ್ಲಿದೆ ಎಂದು ಗೊತ್ತಿರುವವರಿಗೆ ಮಾತ್ರ ಎನ್ನುವ ಮನೆ ಯಾರದು? 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದಾಗಿನಿಂದ ನಾವು ಹೇಳಿಕೊಂಡು ಬಂದದ್ದು ಯಂತ್ರ ಬಳಸುವವರ ಮಾತು ಕೇಳಬೇಕು ಎಂದು. ಬಳಸುವವರು ಯಂತ್ರದ ಭಾಷೆ ಕಲಿತರೆ ಮಾತ್ರ ಕೇಳುತ್ತದೆ ಎಂಬ ಷರತ್ತು ಯಾವಾಗ ಸೇರಿಕೊಂಡಿತು?

ಮೂರನೆಯದು, ವಿಂಡೋಸಿನಲ್ಲಿ ಇದಕ್ಕಿಂತ ಕೆಟ್ಟದ್ದಾಗುತ್ತದೆ. ಆಗಲಿ. ಪಕ್ಕದ ಮನೆಯಲ್ಲಿ ಸೊಸೆಗೆ ಹೊಡೆಯುತ್ತಾರೆ, ನಾವು ಬೈಯುತ್ತೇವೆ ಅಷ್ಟೇ ಎಂದ ಹಾಗಾಯಿತು.

ನಾಲ್ಕನೆಯದಕ್ಕೆ ಮಾತ್ರ ಸ್ವಲ್ಪ ತೂಕವಿದೆ. ಇದನ್ನು ಕಟ್ಟುವವರಲ್ಲಿ ಬಹಳ ಜನ ಸಂಬಳವಿಲ್ಲದೆ ದುಡಿಯುವವರು, ಮೂಲ ಬರಹ ಎಲ್ಲರಿಗೂ ತೆರೆದಿದೆ, ಬೇಡವಾದರೆ ಬದಲಿಸಿಕೊಳ್ಳಿ. ಒಪ್ಪುತ್ತೇನೆ, ಋಣವೂ ಇದೆ. ಮೂಲ ಬರಹ ತೆರೆದಿದ್ದರಿಂದಲೇ ಆಳುಗಳ ಹೆಸರು, ಅವರ ದಿನಚರಿ ನನಗೆ ಸಿಕ್ಕಿತು. ಮುಚ್ಚಿದ ತಂತ್ರಾಂಶದಲ್ಲಿ ಇಷ್ಟು ಸಹ ಸಿಗುತ್ತಿರಲಿಲ್ಲ. ಆದರೆ ಮೊದಲೇ ಆನ್ ಮಾಡಿಟ್ಟ ಗುಂಡಿಯೂ ಒಂದು ತೀರ್ಮಾನ. ಅದನ್ನು ಯಾರೋ ಕೂತು ತೆಗೆದುಕೊಂಡಿದ್ದಾರೆ. ಸಂಬಳವಿಲ್ಲದೆ ತೆಗೆದುಕೊಂಡ ತೀರ್ಮಾನವೂ ಬಳಸುವವರ ತಲೆಯ ಮೇಲೆ ಅಷ್ಟೇ ಭಾರವಾಗಿ ಕೂರುತ್ತದೆ. ಊರ ದೇವಸ್ಥಾನಕ್ಕೆ ಪುಕ್ಕಟೆ ಸೇವೆ ಮಾಡುವವರು ಪ್ರಸಾದವನ್ನು ಯಾರ ಬಾಯಿಗೂ ತುರುಕುವಂತಿಲ್ಲ.

ಇಷ್ಟಕ್ಕೂ ಈ ಕ್ಯಾಲೆಂಡರು ಯಾರದ್ದು? ಐಸಿಎಸ್ ಎಂಬ ಈ ಫೈಲಿನ ರೂಪವನ್ನು ಅಂತರ್ಜಾಲದ ಮಾನಕವಾಗಿ ಬರೆದದ್ದು 1998ರಲ್ಲಿ. ಆಫೀಸಿನವರ ಮೀಟಿಂಗುಗಳಿಗಾಗಿ ಹೊಲಿದ ಅಂಗಿ ಅದು. ಪ್ರತಿ ವರ್ಷ ಇದೇ ದಿನ, ಪ್ರತಿ ತಿಂಗಳು ಎರಡನೇ ಮಂಗಳವಾರ ಎಂದು ಅದಕ್ಕೆ ಹೇಳಬಹುದು. ಪ್ರತಿ ವರ್ಷ ಚೈತ್ರ ಶುದ್ಧ ಪಾಡ್ಯ ಎಂದು ಹೇಳಲು ಬರುವುದಿಲ್ಲ. 2015ರಲ್ಲಿ ಬೇರೆ ಪಂಚಾಂಗಗಳ ಲೆಕ್ಕದಲ್ಲೂ ಮರುಕಳಿಸುವ ದಿನಗಳನ್ನು ಬರೆಯುವಂತೆ ಅದಕ್ಕೊಂದು ಸೇರ್ಪಡೆ ಬಂತು. ಅದು ನಂಬಿಕೊಂಡಿರುವ ಪಟ್ಟಿಯಲ್ಲಿ ಚೀನೀ ಪಂಚಾಂಗವಿದೆ, ಯಹೂದಿಗಳದ್ದಿದೆ. ಭಾರತದ್ದು ಎಂದು ಇರುವುದು ಸರ್ಕಾರಿ ಶಕ ಪಂಚಾಂಗ, ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದದ್ದು. ಆಕಾಶವಾಣಿಯವರು, ರಾಜಪತ್ರದವರು ಬಿಟ್ಟರೆ ಅದನ್ನು ನೋಡಿ ಹೋಳಿಗೆ ಮಾಡುವವರನ್ನು ನಾನು ಕಂಡಿಲ್ಲ. ಅಂದರೆ ಬೇಡವೆಂದರೂ ನನ್ನ ಮನೆಯೊಳಗೆ ಬಂದು ಕೂರುವ ಈ ನೆಂಟನಿಗೆ ನಮ್ಮ ಯುಗಾದಿಯ ಲೆಕ್ಕ ಹಾಕಲೂ ಬಾರದು.

ನಮ್ಮ ಮನೆಯ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರು ಇದೆ. ನಾನು ಮಾತಾಡಿಸಿದ ಮನೆಗಳಲ್ಲೂ ಬಹಳಷ್ಟು ಕಡೆ ಅದೇ ಅಥವಾ ಅದರ ಚಾಳಿಯದ್ದು. ಅದರ ಚೌಕಗಳಲ್ಲಿ ಹಾಲು ಅರ್ಧ ಲೀಟರ್, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಿದ ದಿನ, ಕೆಲವು ಮನೆಗಳಲ್ಲಿ ಈ ವಾರ ಎಷ್ಟು ಸೀರೆ ಇಳಿಯಿತು, ಬಾಕಿಗೆ ಎಷ್ಟು ಹಿಡಿದುಕೊಂಡರು. ನನ್ನ ಸಂಶೋಧನೆಗೆ ಅಷ್ಟು ಒಳ್ಳೆಯ ಆಕರ ಬೇರೆ ಇಲ್ಲ. ವರ್ಷ ಮುಗಿದ ಮೇಲೆ ಹಾಳೆಗಳು ಮಕ್ಕಳ ಪುಸ್ತಕಕ್ಕೆ ರಟ್ಟಾಗುತ್ತವೆ, ಅಡುಗೆಮನೆಯ ಶೆಲ್ಫಿಗೆ ಹಾಸಾಗುತ್ತವೆ, ಉಳಿದದ್ದು ನೀರೊಲೆಗೆ. ಸಂಶೋಧಕಿಯಾಗಿ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಸುಡುವುದೋ ಇಡುವುದೋ ಎಂಬುದು ಆ ಮನೆಯವರ ಮರ್ಜಿ. ಒಬ್ಬಾಕೆ ಬಾಕಿಯ ಲೆಕ್ಕ ಬರೆದಿದ್ದ ತಿಂಗಳನ್ನು ನನಗೆ ತೋರಿಸಿ, ನನ್ನೆದುರೇ ಹರಿದು ಒಲೆಗೆ ಹಾಕಿದರು. ಹಾಕಿದ್ದು ಹೋಯಿತು. ಅವರಿಗಿದ್ದ ಆ ಅಧಿಕಾರ ನನ್ನ ಲ್ಯಾಪ್‌ಟಾಪಿನ ಮೇಲೆ ನನಗಿರಲಿಲ್ಲ.

ಹೆಸರು ಅಳಿಸಿಕೊಳ್ಳುವ ಹಕ್ಕು ಎಂಬುದು ಎಲ್ಲಿಂದಲೋ ತಂದ ಮಾತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಬೆಂಗಳೂರಿನವರೇ ಆದ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ತಂದೆಯ ಅರ್ಜಿ ಕೇಳಿ, ಅಂತರ್ಜಾಲದಲ್ಲಿ ಹುಡುಕಿದರೆ ಮಗಳ ಹೆಸರು ಆದೇಶದ ಪ್ರತಿಯಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ತಿಳಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಇದೆ. ಅದೇ ಕಾಯ್ದೆ ಕೆಲವು ಷರತ್ತುಗಳ ಮೇಲೆ ಸಂಶೋಧನೆಗೆ ವಿನಾಯಿತಿಯನ್ನೂ ಕೊಡುತ್ತದೆ. ಕಾನೂನು ನನ್ನನ್ನು ಬಿಟ್ಟಿರಬಹುದು. ಅಜ್ಜಿ ಬಿಟ್ಟಿಲ್ಲ.

ಬಡ ಯಂತ್ರಗಳ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಗ್ನೂ ಲಿನಕ್ಸ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಇತ್ತ ನಮ್ಮಲ್ಲಿ ಅದು ಇನ್ನೂ ಹಳೆಯ ಕಂಪ್ಯೂಟರಿಗೆ ಜೀವ ಕೊಡುವ ಉಪಾಯ ಮಾತ್ರ. ಎರಡು ಕಡೆಯೂ ಒಂದು ಯಂತ್ರದ ಮುಂದೆ ಹಲವರು ಕೂರುತ್ತಾರೆ. ಟೀಚರ್ ಒಬ್ಬರು ತಮ್ಮ ಮೇಲ್ ನೋಡಲು ಖಾತೆ ಸೇರಿಸಿ, ಮುಗಿದ ಮೇಲೆ ಫೈಲ್ ಅಳಿಸಿ ಎದ್ದುಹೋದರೆ, ಮುಂದಿನವರು ಗಡಿಯಾರ ಒತ್ತಿದಾಗ ಅವರ ಆಸ್ಪತ್ರೆಯ ಭೇಟಿ ಕಾಣಬಾರದು. ‘ಖಾಸಗಿ ಯಂತ್ರ, ಒಬ್ಬನೇ ಒಡೆಯ’ ಎಂಬುದು ಬೇರೆ ದೇಶದ, ಬೇರೆ ವರ್ಗದ ಊಹೆ. ದೊಡ್ಡಬಳ್ಳಾಪುರದಲ್ಲಿ ಸೀರೆಯ ಡಿಸೈನ್ ಮಾಡುವ ಹುಡುಗನ ಕಂಪ್ಯೂಟರು ಹಗಲು ಅವನದ್ದು, ಸಂಜೆ ತಂಗಿಯ ಟ್ಯೂಷನ್ನಿನದ್ದು, ಭಾನುವಾರ ಬೀದಿಯವರದ್ದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಖಾತೆ ಸೇರಿಸುವಾಗ ಎಲ್ಲ ಗುಂಡಿಗಳೂ ಆರಿರಲಿ, ಬೇಕಾದ್ದನ್ನು ನಾನೇ ಹಚ್ಚಿಕೊಳ್ಳುತ್ತೇನೆ. ಅಳಿಸಿದ ಸಿದ್ಧ ಚೀಟಿಯನ್ನು ಮತ್ತೆ ತಂದು ಇಡುವ ಮುಂಚೆ ಒಮ್ಮೆ ಕೇಳಲಿ. ಕ್ಯಾಲೆಂಡರ್ ತೆಗೆದರೆ ಗಡಿಯಾರ ಉಳಿಯಲಿ. ಮತ್ತು ಕನ್ನಡಕ್ಕೆ ತರುವ ಗೆಳೆಯರು, ಸರ್ವರಿನಿಂದಲೂ ಹೋಗುವ ಕಡೆ ಮಾತ್ರ ‘ಅಳಿಸು’ ಎಂದು ಬರೆಯಲಿ. ಕಣ್ಣಿಗೆ ಕಾಣದಂತಾಗುವ ಕಡೆ ‘ಮರೆಮಾಡು’ ಎನ್ನಲಿ. ಮತ್ತೆ ಬರುವ ಕಡೆ ‘ಈಗ ತೆಗೆ, ಮತ್ತೆ ಬರುತ್ತದೆ’ ಎಂದು ಇದ್ದದ್ದು ಇದ್ದಂತೆ ಬರೆಯಲಿ. ಗುಂಡಿ ಉದ್ದವಾದರೆ ಆಗಲಿ.

ವಿಶ್ವವಿದ್ಯಾಲಯಗಳ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ, ಈ ಜಗಳದಲ್ಲಿ ಅವು ಪಾರಾಗಬಾರದು. ಸಂದರ್ಶನಕ್ಕೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರವೊಂದಿರುತ್ತದೆ. ಎಲ್ಲ ವಿಭಾಗದಲ್ಲೂ ಒಂದೇ ನಮೂನೆ, ಯಾವುದೋ ಇಂಗ್ಲಿಷ್ ಪ್ರತಿಯಿಂದ ಭಟ್ಟಿ ಇಳಿಸಿದ್ದು. ‘ಸಂಶೋಧನೆಯ ನಂತರ ತಮ್ಮ ವೈಯಕ್ತಿಕ ಮಾಹಿತಿಯನ್ನು ನಾಶಪಡಿಸಲಾಗುವುದು’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಯಾರು, ಎಲ್ಲಿಂದ, ಹೇಗೆ ನಾಶಪಡಿಸುತ್ತಾರೆ ಎಂದು ಕೇಳುವ ಕೋರ್ಸ್‌ವರ್ಕ್ ಯಾವುದರಲ್ಲೂ ನಾನು ಕೂತಿಲ್ಲ. ಸಂಶೋಧನಾ ವಿಧಾನದ ಪಾಠದಲ್ಲಿ ಅಡಿಟಿಪ್ಪಣಿಯ ಅಲ್ಪವಿರಾಮಕ್ಕೆ ಎರಡು ತರಗತಿ ಮೀಸಲು, ಅಡಗು ಫೋಲ್ಡರಿಗೆ ಅರ್ಧ ಗಂಟೆ ಇಲ್ಲ. ಹೆಬ್ಬೆಟ್ಟು ಒತ್ತುವವರಿಗೆ ನಾವು ಕೊಡುವ ಮಾತು ಅದು. ಅವರು ಅದನ್ನು ಓದುವುದಿಲ್ಲ, ನಮ್ಮ ಮುಖ ನೋಡಿ ಒತ್ತುತ್ತಾರೆ.

ಎರಡನೇ ಸುತ್ತಿನ ಸಂದರ್ಶನಗಳಿಗೆ ನಾನು ಆ ಸಾಲನ್ನು ಬದಲಿಸಿದ್ದೇನೆ. ಈಗ ಹೀಗಿದೆ: ‘ನಿಮ್ಮ ಹೆಸರು ನನ್ನ ಫೋನಿನಲ್ಲಿ ಮತ್ತು ಡೈರಿಯಲ್ಲಿ ಮಾತ್ರ ಇರುತ್ತದೆ. ಫೋನಿನದು ಬೇರೆ ಯಂತ್ರಕ್ಕೆ ತಾನಾಗಿ ಇಳಿಯದಂತೆ ನಿಲ್ಲಿಸಿದ್ದೇನೆ. ತಿಂಗಳಿಗೊಮ್ಮೆ ನಿಮ್ಮ ಹೆಸರು ಹಾಕಿ ಹುಡುಕಿ ನೋಡುತ್ತೇನೆ. ನೀವು ಕೇಳಿದ ದಿನ ನಿಮ್ಮೆದುರಿಗೇ ಅಳಿಸುತ್ತೇನೆ.’ ಸಾಲು ಉದ್ದವಾಯಿತು, ನಮೂನೆಗೆ ಹೊಂದುವುದಿಲ್ಲ, ಹಳೆಯದನ್ನೇ ಬಳಸಿ ಎಂದು ಕಡತ ವಾಪಸ್ ಬಂದಿದೆ. ಅದೇ ಸಾಲನ್ನು ಇಟ್ಟು ಮತ್ತೆ ಕಳಿಸಿದ್ದೇನೆ.